ಬಣ್ಣ ಹಿಡಿದಿಟ್ಟ ಮೆಟ್ಟಿಲು

ಭೂಮಂಡಲದ ಯಾವ ಸೇನಾ ನೆಲೆಗೆ ಬೇಕಾದರೂ ಹೋಗಿ ನೋಡಿಕೊಂಡು ಬನ್ನಿ, ಜನರ ದೂರು ನಮ್ಮಲ್ಲಿ ಬಗೆಹರಿಯುವಷ್ಟು ಬೇಗ ಇನ್ನೆಲ್ಲಿಯೂ ಬಗೆಹರಿಯುವುದಿಲ್ಲ. ಬೇರೆ ಕಡೆ ಮೊದಲು ದೂರು ಹುಟ್ಟುತ್ತದೆ, ಆಮೇಲೆ ಅದಕ್ಕೆ ಉತ್ತರ ಹುಡುಕುತ್ತಾರೆ. ನಮ್ಮಲ್ಲಿ ಉತ್ತರವೇ ಮೊದಲು ಎದ್ದು, ಹಲ್ಲುಜ್ಜಿ, ತಲೆ ಬಾಚಿಕೊಂಡು ಕೂತಿರುತ್ತದೆ. ಅದಕ್ಕೆ ಒಪ್ಪುವಂಥ ದೂರೊಂದನ್ನು ಹುಡುಕಿ ತರುವುದಷ್ಟೇ ಬಾಕಿ. ಈ ವಿದ್ಯೆಯನ್ನು ಆಕಾಶಕ್ಕೇರಿಸಿದ ಮಹಾನುಭಾವರು ನಮ್ಮ ಚಾವಿ ಮಾವ.

ಚಾವಿ ಮಾವ ಸಿಪಾಯಿಗಿರಿ ಮುಗಿಸಿ ನಿವೃತ್ತರಾದವರು. ಆಮೇಲೆ ಅದೇ ನೆಲೆಯ ಮನರಂಜನಾ ಮಂದಿರಕ್ಕೂ ಅದರ ಹಿಂದಿನ ಮಕ್ಕಳ ಪಾರ್ಕಿಗೂ ಮೇಲ್ವಿಚಾರಕರಾದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅದರ ಭಾರಕ್ಕೆ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಗೊಂಚಲು ತೆಗೆದಿಟ್ಟು ಸ್ನಾನಕ್ಕೆ ಹೊರಟರೆ ಬಲಗಡೆಯ ಗೋಡೆಗೆ ಹೋಗಿ ಬಡಿಯುತ್ತಿದ್ದರು ಎಂದು ಅವರ ಹೆಂಡತಿಯೇ ಹೇಳಿದ್ದುಂಟು. ಮಂದಿರದಲ್ಲಿ ಎರಡು ಕೇರಂ ಬೋರ್ಡು, ನಡು ಬಗ್ಗಿದ ಟೇಬಲ್ ಟೆನಿಸ್ ಮೇಜು, ಗೋಡೆಗೊಂದು ಟೀವಿ, ಹೊರಗೆ ಷಟಲ್ ಆಡುವ ಅಂಗಳ. ಒಂದು ಚೆಂಡು ಬೇಕೆಂದು ಯಾರಾದರೂ ಕೇಳಿದರೆ ಮಾವ ಮೂರು ಕಪಾಟು ತೆಗೆದು, ಅದನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಕಣ್ತುಂಬಿಕೊಂಡು ಕೊಡುತ್ತಿದ್ದರು. ಹೀಗಾಗಿ ನಮ್ಮ ಚೆಂಡುಗಳು ಮುದಿಯಾಗುತ್ತಿದ್ದವೇ ಹೊರತು ಸವೆಯುತ್ತಿರಲಿಲ್ಲ.

ತಿಂಗಳಿಗೊಮ್ಮೆ ಆ ಮಂದಿರದಲ್ಲೇ ಅಹವಾಲು ಸಭೆ. ಕಮಾಂಡರ್ ಸಾಹೇಬರು ಬಂದು ಕೂರುತ್ತಾರೆ, ಕ್ವಾರ್ಟರ್ಸಿನ ಸಂಸಾರಗಳು ಎದ್ದು ನಿಂತು ಕಷ್ಟಸುಖ ಹೇಳಿಕೊಳ್ಳಬೇಕು, ಆಮೇಲೆ ಚಹಾ ಬಿಸ್ಕತ್ತು. ಸೇನೆಯಲ್ಲಿ ತಾಲೀಮಿಲ್ಲದೆ ಯಾವುದೂ ನಡೆಯುವುದಿಲ್ಲವಷ್ಟೆ? ಕವಾಯತಿಗೆ ತಾಲೀಮು, ಧ್ವಜ ಇಳಿಸುವುದಕ್ಕೆ ತಾಲೀಮು. ಹಾಗೆಯೇ ದೂರಿಗೂ ಹಿಂದಿನ ದಿನ ತಾಲೀಮು. ಅದನ್ನು ನಡೆಸುವವರು ಚಾವಿ ಮಾವ. ಯಾರು ಏನು ಕೇಳಬೇಕು, ಯಾವ ಸಾಲಿನಿಂದ ಏಳಬೇಕು, ಸಾಹೇಬರು ಯಾವ ಮಾತು ಆಡಿದಾಗ ಚಪ್ಪಾಳೆ ಬೀಳಬೇಕು, ಎಲ್ಲವೂ ಅವರ ನಿರ್ದೇಶನ. ಒಮ್ಮೆ ಅಡುಗೆ ಭಟ್ಟನ ತಾಯಿಗೆ ಕೆಮ್ಮು ಬಂದರೆ, "ಕೆಮ್ಮು ಈಗ ಬೇಡ ಅಜ್ಜಿ, ನೀರಿನ ಪ್ರಶ್ನೆ ಮುಗಿದ್ಮೇಲೆ ಕೆಮ್ಮಿ" ಎಂದರಂತೆ. ಅಜ್ಜಿ ಪಾಪ, ಮರುದಿನ ಸರಿಯಾಗಿ ಅಲ್ಲೇ ಕೆಮ್ಮಿದರು.

ಮಾವ ಕೆಟ್ಟವರಲ್ಲ. ಅವರ ಕೆಲಸ ವರ್ಷ ವರ್ಷ ಸಾಹೇಬರ ಸಹಿಯಿಂದ ಮುಂದುವರಿಯುವ ಕೆಲಸ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಯಾರ ಮುಖವೂ ಕೆಂಪಾಗದೆ ಸಭೆ ಮುಗಿಯುವುದೇ ಜನಸೇವೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಆ ತಿಂಗಳು ಮೇಲಿನಿಂದ ಇನ್ನೂ ದೊಡ್ಡ ಸಾಹೇಬರು ಬರುವವರಿದ್ದರು. ಅಂದಮೇಲೆ ಬಣ್ಣ. ಗೋಡೆ, ಗೇಟು, ಮರದ ಬುಡ, ಹೂಕುಂಡ, ಕಲ್ಲು ಎಲ್ಲಕ್ಕೂ ಬಣ್ಣ ಬಿತ್ತು. ಬೇಲಿಯ ಮೇಲೆ ಮೈಮರೆತು ಕೂತಿದ್ದ ಕಾಗೆಯೊಂದರ ಬಾಲಕ್ಕೂ ಬಿಳಿ ಪಟ್ಟಿ ಬಿದ್ದು, ಅದನ್ನು ಅದರ ಬಳಗದವರು ಬಹಳ ದಿನ ಹತ್ತಿರ ಸೇರಿಸಲಿಲ್ಲ. ಪಾರ್ಕಿನ ಉಯ್ಯಾಲೆ, ಜಾರುಬಂಡೆ ಕೂಡ ಹೊಳೆಯತೊಡಗಿದವು.

ತಾಲೀಮಿನ ದಿನ ಟ್ರಕ್ ಡ್ರೈವರನ ಹೆಂಡತಿ ಎದ್ದು ನಿಂತಳು. ಗಂಡ ದೂರದ ಗಡಿಯಲ್ಲಿ. ಇಲ್ಲಿ ಆಕೆ, ಸಣ್ಣ ಮಗಳು ಪುಟ್ಟಿ, ಮತ್ತು ಮೊಮ್ಮಗಳನ್ನು ನೋಡಲು ಬಂದು ಉಳಿದುಕೊಂಡಿದ್ದ ಅತ್ತೆ. ಅತ್ತೆಗೆ ಮಂಡಿನೋವು, ಅಂದು ಮನೆಯಲ್ಲೇ ಇದ್ದರು.

"ಮಾವ, ಜಾರುಬಂಡೆ ಏಣಿಯ ಮೇಲಿನ ಮೆಟ್ಟಿಲು ಅಲ್ಲಾಡುತ್ತೆ. ನಾಳೆ ಅದನ್ನ ಕೇಳ್ತೀನಿ."

"ಯಾವ ಮೆಟ್ಟಿಲು? ನಿನ್ನೆ ತಾನೇ ಬಣ್ಣ ಆಗಿದೆ. ಬಾ ತೋರಿಸು."

ಇಬ್ಬರೂ ಪಾರ್ಕಿಗೆ ಹೋದರು. ಮಾವ ಆ ಮೆಟ್ಟಿಲನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಮಿಸುಕಲಿಲ್ಲ. ದಪ್ಪ ಬಣ್ಣ ಸಂದಿಗೊಂದಿಗೆಲ್ಲ ಇಳಿದು, ಒಣಗಿ, ಮೆಟ್ಟಿಲನ್ನು ಕಂಬಿಗೆ ಅಂಟಿಸಿಬಿಟ್ಟಿತ್ತು.

"ಎಲ್ಲಮ್ಮ ಅಲ್ಲಾಡುತ್ತೆ?"

"ಬಣ್ಣ ಹೊಡಿಯೋ ಮುಂಚೆ ಅಲ್ಲಾಡ್ತಿತ್ತು ಮಾವ."

"ಹಾಗಾದ್ರೆ ಬಣ್ಣ ಹೊಡೆದ್ಮೇಲೆ ಸರಿಹೋಯ್ತು ಅಂತಾಯ್ತಲ್ಲ!"

"ಬೋಲ್ಟು ಇದೆಯೋ ಇಲ್ವೋ, ಸ್ವಲ್ಪ ಕೆರೆದು ನೋಡಿ."

"ಕೆರೆಯೋದಾ? ದೊಡ್ಡ ಸಾಹೇಬ್ರು ನಾಳೆ ಇಲ್ಲೇ ನಡೆದು ಬರ್ತಾರೆ. ಕೆರೆದರೆ ಮೆಟ್ಟಿಲಿಗೆ ಗಾಯ, ನನಗೆ ಬರೆ. ನೀನು ಒಳ್ಳೆ ಹುಡುಗಿ, ಷಟಲ್ ನೆಟ್ಟು ಕೇಳಮ್ಮ. ಹೊಸ ನೆಟ್ಟು ಬಂದು ಕಪಾಟಲ್ಲಿ ಕೂತಿದೆ. ನೀನು ಕೇಳೋದು, ಅವರು ಕೊಡೋದು, ಎಲ್ಲರಿಗೂ ಸಂತೋಷ."

ಆಕೆ ಮೆಟ್ಟಿಲನ್ನು ಇನ್ನೊಮ್ಮೆ ನೋಡಿದಳು. ಹಿರಿಯರ ಮಾತು, ಮೇಲಾಗಿ ಅದು ನಿಜಕ್ಕೂ ಅಲ್ಲಾಡುತ್ತಿರಲಿಲ್ಲ. ಮರುದಿನ ಸಭೆಯಲ್ಲಿ ಷಟಲ್ ನೆಟ್ಟು ಕೇಳಿದಳು. ಕಮಾಂಡರ್ ಸಾಹೇಬರು ಹುಬ್ಬೇರಿಸಿ, ಯೋಚಿಸಿದಂತೆ ಮಾಡಿ, "ಸಂಜೆಯೊಳಗೆ ಕಟ್ಟಿಸುತ್ತೇವೆ" ಎಂದರು. ಚಪ್ಪಾಳೆಗೆ ಸೂರಿನ ಪಾರಿವಾಳಗಳು ಪಕ್ಕದ ತಾಲೂಕಿಗೆ ಹಾರಿಹೋದವು. ದೊಡ್ಡ ಸಾಹೇಬರು ಮಾವನ ಬೆನ್ನು ತಟ್ಟಿದರು. ಮಾವ ಆ ಅಂಗಿಯನ್ನು ಒಗೆಯಲು ಹಾಕಲಿಲ್ಲ.

ಮುಂದೆ ಬಿರುಬಿಸಿಲು ಬಿತ್ತು. ಬಣ್ಣ ಒಣಗಿ ಬಿರಿಯಿತು. ಒಂದು ಸಂಜೆ ಮಕ್ಕಳು ಸಾಲಾಗಿ ಏಣಿ ಹತ್ತುತ್ತಿದ್ದಾಗ ಪುಟ್ಟಿ ಮೇಲಿನ ಮೆಟ್ಟಿಲಿಗೆ ಕಾಲಿಟ್ಟಳು. ಮೆಟ್ಟಿಲು ಕಂಬಿಯಿಂದ ಕಳಚಿ ಬಂತು, ಜೊತೆಗೆ ಅವಳೂ. ಮೊಣಕೈ ಮುರಿಯಿತು. ಮಾವ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಆ ವಯಸ್ಸಿನಲ್ಲಿ ಆ ಓಟ ಓಡಿದ್ದನ್ನು ಕಂಡು ಸೈಕಲ್ಲಿನವರು ದಾರಿ ಬಿಟ್ಟರು. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಮಗುವನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅವರು ಪಾರ್ಕಿಗೆ ಬಂದು ಬಿದ್ದಿದ್ದ ಮೆಟ್ಟಿಲನ್ನು ತಿರುಗಿಸಿ ನೋಡಿದರು. ಒಂದು ತುದಿಯಲ್ಲಿ ಬೋಲ್ಟಿನ ತೂತು ಇತ್ತು. ತೂತಿನ ತುಂಬ ಬಣ್ಣ ಇತ್ತು. ಬೋಲ್ಟು ಇರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಪುಟ್ಟಿ ಕೈಯ ಪ್ಲಾಸ್ಟರ್ ಕಟ್ಟನ್ನು ಎತ್ತಿ ತೋರಿಸಿದಳು. "ತಾತ, ನೋಡಿ, ನನಗೂ ಬಿಳಿ ಹೊಡೆದ್ರು."

ಮಾವ ನಗಲು ಹೋಗಿ, ಏನೋ ನೆನಪಾದವರಂತೆ ಹೊರಗೆ ಬಂದು ವರಾಂಡದ ಕಂಬ ಹಿಡಿದುಕೊಂಡರು. ಹಿಂದೆಯೇ ಬಂದ ಡ್ರೈವರನ ಹೆಂಡತಿ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು.

"ನೀವಿಲ್ದಿದ್ರೆ ಏನಾಗ್ತಿತ್ತೋ ಮಾವ. ತಪ್ಪು ನಂದೇ. ಗಟ್ಟಿಯಾಗಿ ಹೇಳಬೇಕಿತ್ತು. ಅನುಮಾನ ಇದ್ದೂ ಮಗುನ ಆಡೋಕೆ ಬಿಟ್ಟೆ."

ಅಲ್ಲಿಗೇ ಮುಗಿಯಲಿಲ್ಲ. ಅತ್ತೆಗೆ ತಾಲೀಮಿನ ವಿಷಯ ಗೊತ್ತಿರಲಿಲ್ಲ, ಸೊಸೆ ಹೇಳಲಿಲ್ಲ. ಹಿರಿಯರ ಮೇಲೆ ಹೊರಿಸಿ ತಾನು ತಪ್ಪಿಸಿಕೊಳ್ಳುವುದು ಅವಳಿಗೆ ಒಗ್ಗದು. ಅತ್ತೆ ಮಗನಿಗೆ ಫೋನು ಮಾಡಿ, "ಹೆತ್ತೋಳಿಗೆ ಮಗು ಮೇಲೆ ಗಮನ ಇಲ್ಲ, ಕಟ್ಟು ಬಿಚ್ಚಿದ ತಕ್ಷಣ ಪುಟ್ಟೀನ ನಾನು ಊರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲೇ ಶಾಲೆಗೆ ಹಾಕ್ತೀನಿ" ಎಂದರು. ಗಡಿಯಲ್ಲಿ ಕೂತ ಡ್ರೈವರನೂ ಹೆದರಿಕೊಂಡು, "ಹಾಗೇ ಮಾಡಮ್ಮ" ಎಂದುಬಿಟ್ಟ. ಬಾಯಿಗೆ ಸೆರಗು ಒತ್ತಿಕೊಂಡು ಡ್ರೈವರನ ಹೆಂಡತಿ ಮಗಳ ಬಟ್ಟೆ ಮಡಿಸಲು ಶುರು ಮಾಡಿದಳು ಎಂಬ ಸುದ್ದಿ ಕ್ವಾರ್ಟರ್ಸಿನ ಗೋಡೆಗಳನ್ನು ದಾಟಿ ಮಾವನ ಕಿವಿಗೂ ಬಂತು.

ಮಾವ ಊಟದ ತಟ್ಟೆ ಮುಂದೆ ಕೂತರೆ ತುತ್ತು ಇಳಿಯದು. ಹೆಂಡತಿ ನೋಡುವಷ್ಟು ನೋಡಿದರು.

"ಏನ್ರೀ, ಗಂಟಲಲ್ಲಿ ಏನು ಸಿಕ್ಕೊಂಡಿದೆ?"

"ಮೆಟ್ಟಿಲು."

"ಹಾಗಾದ್ರೆ ಹೋಗಿ ಕಕ್ಕಿ ಬನ್ನಿ. ಅವರ ಮನೆ ಬಾಗಿಲು ಏನು ಸಾವಿರ ಮೈಲಿ ದೂರ ಇದ್ಯಾ?"

ಹೋದರು. ದಾರಿಯುದ್ದಕ್ಕೂ ಮಾತನ್ನು ತಾಲೀಮು ಮಾಡಿಕೊಂಡೇ ಹೋದರು. ಬಾಗಿಲು ತೆರೆದ ಅತ್ತೆ ಇವರನ್ನು ಕಂಡು ಕೈಮುಗಿದೇಬಿಟ್ಟರು.

"ಬನ್ನಿ ಬನ್ನಿ, ದೇವರು ಬಂದ ಹಾಗೆ ಬಂದು ಎತ್ಕೊಂಡು ಓಡಿದ್ರಂತೆ. ಹೆತ್ತೋಳಿಗಿಲ್ಲದ ಕರುಳು ನಿಮಗಿತ್ತು. ಏ, ಚಹಾ ತಾ, ಸಕ್ಕರೆ ಜಾಸ್ತಿ ಹಾಕು."

ಸೊಸೆ ಚಹಾ ತಂದಿಟ್ಟಳು. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಪುಟ್ಟಿಯ ಫ್ರಾಕುಗಳು, ಸಣ್ಣ ಸ್ವೆಟರು, ಬೂಟು, ಒಂದು ತೆರೆದ ಪೆಟ್ಟಿಗೆ ಕಾಣುತ್ತಿದ್ದವು. ಪುಟ್ಟಿ ಎಡಗೈಯಲ್ಲಿ ಚಿತ್ರ ಬರೆಯುತ್ತ ಗೆರೆ ಸೊಟ್ಟಗಾದಾಗೆಲ್ಲ ಕಾಗದವನ್ನೇ ತಿರುಗಿಸಿಕೊಳ್ಳುತ್ತಿದ್ದಳು. ಮಾವ ಬಾಯಿ ತೆರೆದರು. ಯುದ್ಧದಲ್ಲಿ ಗುಂಡಿನ ಎದುರು ನಿಂತ ಮನುಷ್ಯ. ಆ ಗುಂಡುಗಳು ಇವರ ಧೈರ್ಯ ನೋಡಿ ಪಕ್ಕದಿಂದ ಹೋದವು ಎಂದು ಅವರೇ ಎಷ್ಟು ಸಲ ಹೇಳಿಲ್ಲ! ಆದರೆ ಆ ಹೆಚ್ಚು ಸಕ್ಕರೆಯ ಚಹಾದ ಎದುರು ಅವರ ನಾಲಿಗೆ ಬಿಳಿ ಬಾವುಟ ಹಾರಿಸಿತು.

"ಷಟಲ್ ನೆಟ್ಟು... ಚೆನ್ನಾಗಿ ಕಟ್ಟಿಸಿದೀವಿ" ಎಂದರು.

"ಅದನ್ನ ಹೇಳೋಕೆ ಬಂದ್ರಾ?" ಎಂದರು ಅತ್ತೆ.

"ಹೂಂ."

ಬಾಗಿಲವರೆಗೆ ಬಂದ ಡ್ರೈವರನ ಹೆಂಡತಿ ಅವರ ಕಣ್ಣನ್ನೇ ನೋಡಿದಳು. ಚಪ್ಪಲಿ ತಿರುಗಿಸಿ ಇಟ್ಟಳು, ಅಷ್ಟೇ. ಮಾವನಿಗೆ ಚಪ್ಪಲಿಯೊಳಗೆ ಕಾಲು ತೂರಿಸಲು ಎಷ್ಟು ಹೊತ್ತು ಬೇಕಾಯಿತೋ.

ಮನೆಗೆ ಬಂದು ಹೆಂಡತಿಯ ಎದುರು ಎಲ್ಲವನ್ನೂ ಒಪ್ಪಿಸಿದರು. ಆಕೆ ಪಾತ್ರೆ ಉಜ್ಜುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನೆಟ್ಟಂತೆ ನೆಟ್ಟು! ಆ ಹುಡುಗಿ ಬಾಯಿಗೆ ನೀವು ತುರುಕಿದ ನೆಟ್ಟು ಈಗ ನಿಮ್ಮ ಬಾಯಿಗೇ ಬಂತು ನೋಡಿ. ಮನೇಲಿ ಹೇಳೋಕಾಗಲ್ಲ ಅಂದ್ರೆ, ಅವಳನ್ನ ಎಲ್ಲಿ ಸುಮ್ನಿರಿಸಿದ್ರೋ ಅಲ್ಲೇ ಹೇಳಿ."

"ಅಲ್ಲಿ ಹೇಳಿದ್ರೆ ಕ್ವಾರ್ಟರ್ಸು ಹೋಗುತ್ತೆ ಕಣೇ."

"ಹೋಗ್ಲಿ ಬಿಡಿ. ಈ ಮನೆ ನಲ್ಲೀಲಿ ನೀರಾದ್ರೂ ನೆಟ್ಟಗೆ ಬರುತ್ತಾ? ನಾನು ಎಷ್ಟು ಸಲ ದೂರು ಹೇಳಿದೀನಿ, ಒಂದಾದ್ರೂ ನಿಮ್ಮ ತಾಲೀಮು ದಾಟಿತಾ?"

ಮಾವನ ಇತಿಹಾಸದಲ್ಲಿ ಉತ್ತರ ಸಿದ್ಧವಿಲ್ಲದ ಮೊದಲ ದೂರು ಅದೇ ಇರಬೇಕು, ಅದೂ ಮನೆಯೊಳಗಿನದು.

ಮುಂದಿನ ಸಭೆಯ ತಾಲೀಮು ಎಂದಿನಂತೆ ನಡೆಯಿತು. ಬೀದಿ ದೀಪ, ಟೀವಿಯ ರಿಮೋಟು, ಕೇರಂ ಪೌಡರು, ಮೂರು ಪ್ರಶ್ನೆ ಹಂಚಿದರು. ಕಮಾಂಡರ್ ಸಾಹೇಬರು ಪದ್ಧತಿಯಂತೆ ಒಮ್ಮೆ ಇಣುಕಿ, ಪ್ರಶ್ನೆಗಳನ್ನು ಕೇಳಿಸಿಕೊಂಡು, ತಲೆಯಾಡಿಸಿ ಹೋದರು. ಜಾರುಬಂಡೆಗೆ ಅಷ್ಟರಲ್ಲಿ ಹಗ್ಗ ಕಟ್ಟಿ "ದುರಸ್ತಿಯಲ್ಲಿದೆ" ಎಂದು ಫಲಕ ತೂಗುಹಾಕಿದ್ದರು. ಅದರ ಬಗ್ಗೆ ಯಾರೂ ಕೇಳಲಿಲ್ಲ, ಮಾವನೂ ಎತ್ತಲಿಲ್ಲ. ಇನ್ನೇನು ಪುಟ್ಟಿಯ ಕಟ್ಟು ಬಿಚ್ಚುವ ದಿನ ಹತ್ತಿರ ಬಂದಿತ್ತು. ರೈಲಿನ ಟಿಕೆಟ್ಟೂ ಆಗಿತ್ತು.

ಸಭೆಯ ದಿನ ಮಾವ ಮಾಡಿದ ಹೊಸ ಕೆಲಸವೆಂದರೆ ಪುಟ್ಟಿಯ ಅಜ್ಜಿಯನ್ನು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ, ಮೆತ್ತೆಯಿರುವ ಕುರ್ಚಿಯಲ್ಲಿ ಕೂರಿಸಿದ್ದು. ಪಕ್ಕದಲ್ಲಿ ಸೊಸೆ. ಬೀದಿ ದೀಪ ಬೆಳಗಿತು, ರಿಮೋಟು ಬಂತು, ಪೌಡರು ಮಂಜೂರಾಯಿತು, ಚಪ್ಪಾಳೆ ಸರಿಯಾದ ಜಾಗದಲ್ಲೇ ಬಿತ್ತು. ಸಾಹೇಬರು ಚಹಾದ ಕಡೆ ನೋಡುತ್ತ, "ಇನ್ನೇನಾದರೂ ಇದೆಯೇ?" ಎಂದರು. ಅದು ಕೇಳುವುದಕ್ಕಿರುವ ಮಾತು, ಉತ್ತರಕ್ಕಲ್ಲ.

ಗೋಡೆಗೊರಗಿ ನಿಂತಿದ್ದ ಮಾವ ಮುಂದೆ ಬಂದರು. ಅಟೆನ್ಷನ್ನಿನಲ್ಲಿ ನಿಂತರು; ಅವತ್ತು ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ.

"ಒಂದಿದೆ ಸಾರ್. ಜಾರುಬಂಡೆ ಮೆಟ್ಟಿಲು ಅಲ್ಲಾಡುತ್ತೆ ಅಂತ ಈ ತಾಯಿ ಮುಂಚೇನೇ ಹೇಳಿದ್ಳು. ಬೋಲ್ಟಿದೆಯೋ ಇಲ್ವೋ ಕೆರೆದು ನೋಡಿ ಅಂತ ಕೇಳಿಕೊಂಡ್ಳು. ಬಣ್ಣ ಕೆಡುತ್ತೆ ಅಂತ ನಾನು ಕೆರೀಲಿಲ್ಲ. ಸಭೇಲಿ ಇದನ್ನ ಕೇಳಬೇಡ, ನೆಟ್ಟು ಕೇಳು ಅಂತ ಬಾಯಿ ಮುಚ್ಚಿಸಿದೋನೂ ನಾನೇ. ಮಗು ಕೈ ಮುರಿದದ್ದು ನನ್ನಿಂದ. ಈಗ ಮಗೂನ ಇವಳಿಂದ ಬಿಡಿಸಿಕೊಂಡು ಹೋಗ್ತಿದ್ದಾರೆ, ಅದೂ ನನ್ನಿಂದ."

ಅಜ್ಜಿ ನಿಧಾನವಾಗಿ ಸೊಸೆಯ ಕಡೆ ತಿರುಗಿದರು.

"ನಂಗ್ಯಾಕೆ ಹೇಳ್ಲಿಲ್ವೇ?"

ಅಜ್ಜಿ ಅವಳ ಕೈಯನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಮತ್ತೆ ಬಿಡಲಿಲ್ಲ.

ಕಮಾಂಡರ್ ಸಾಹೇಬರ ಮುಖ ಕೆಂಪಾಗಿತ್ತು. ಚಹಾದ ಲೋಟ ಕೆಳಗಿಟ್ಟರು. ಏನು ಹೇಳಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

"ಅಲ್ಲಯ್ಯಾ," ಎಂದರು ಕೊನೆಗೆ, "ಇದು ನಿನ್ನೆ ತಾಲೀಮಿನಲ್ಲಿ ಇರಲಿಲ್ಲವಲ್ಲ?"

"ಇರ್ಲಿಲ್ಲ ಸಾರ್," ಎಂದರು ಮಾವ. "ಮಗು ಬಿದ್ದಿದ್ದೂ ತಾಲೀಮಿಲ್ದೇನೇ."