ಠಾಣೆಯಲ್ಲಿ ಬರೆದಿಟ್ಟ ಮಲಿಕಸಾಬನ ಪದಗಳು

ಹುಲಿಹೈದರದ ಮಲಿಕಸಾಬ ಹತ್ತಿ ಹಿಂಜುವ ಪಿಂಜಾರ. ಒಬ್ಬ ಫಕೀರನಿಂದ ಸೂಫಿ ದೀಕ್ಷೆ ಪಡೆದಿದ್ದ. ಗಂಗಾವತಿಯಿಂದ ಕುಷ್ಟಗಿಯವರೆಗೆ ಹಿಂಜುವ ಬಿಲ್ಲು ಹೊತ್ತು ತಿರುಗಿ, ಗಾದಿ ಹಿಂಜುತ್ತ ತತ್ವಪದ ಕಟ್ಟಿ ಹಾಡುತ್ತಿದ್ದ. ಅಕ್ಷರ ಒಂದೂ ಬಾರದು. ಪದ ಮಾತ್ರ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಬರುತ್ತಿತ್ತು. ಒಂದೇ ಪದದಲ್ಲಿ ಅಲ್ಲಾನೂ ಶಿವನೂ ಅಕ್ಕಪಕ್ಕ ಕೂತಿರುತ್ತಿದ್ದರು. ಇದರಿಂದ ದೇವರಿಬ್ಬರಿಗೂ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ಊರಿನ ಇಬ್ಬರು ಹಿರಿಯರಿಗೆ. ಮಸೀದಿಯ ಉಸ್ತುವಾರಿ ನೋಡುತ್ತಿದ್ದ ಹಾಜಿಸಾಬರು "ಇಂವ ದೀನ ಬಿಟ್ಟಾನ, ಧರ್ಮಗೆಟ್ಟಾನ" ಎಂದರು. ಕಿರಾಣಿ ಅಂಗಡಿಯ ವಿರೂಪಾಕ್ಷಪ್ಪನವರು "ಶಿವನ ಹೆಸರು ಕೆಡಿಸ್ಯಾನ" ಎಂದರು. ಗಾದಿ ಮಾತ್ರ ಇಬ್ಬರೂ ಅವನಿಂದಲೇ ಹಿಂಜಿಸಿಕೊಂಡರು. ಧರ್ಮ ಬೇರೆ, ಬೆನ್ನುನೋವು ಬೇರೆ.

೧೯೩೯ರಲ್ಲಿ "ಕ್ವಾಟಿ ಬಿಟ್ಟು ಹೊಂಟಾನ ದೊರಿ" ಎಂಬ ಅವನ ಪದ ಪೊಲೀಸ್ ಅಮೀನರ ಕಿವಿಗೆ ಬಿತ್ತು. ನಿಜಾಮರ ಕಾಲ; ಕೋಟೆ ಬಿಟ್ಟು ಹೊರಟ ದೊರೆ ನಿಜಾಮರೇ ಇರಬೇಕೆಂದು ಕೂಡಲೇ ಠಾಣೆಗೆ ಕರೆಸಿದರು.

"ಯಾವ ದೊರಿ?"

"ಜೀವ ರೀ ಸಾಹೇಬ್ರ. ಕ್ವಾಟಿ ಅಂದ್ರ ಈ ದೇಹ."

"ಜೀವಕ್ಕ ದೊರಿ ಅನ್ನಾಕ ಪರವಾನಗಿ ತಗೊಂಡೀಯೇನು?"

"ಇಲ್ರಿ. ಅದೂ ಹೋಗೋ ಮುಂದ ಯಾರನ್ನೂ ಕೇಳಂಗಿಲ್ರಿ."

ಇಂಥ ಅಪಾಯಕಾರಿ ಮನುಷ್ಯನನ್ನು ಬಿಡಲಾದೀತೇ? ಮೂರು ದಿನ ಕೂಡಿಸಿ, ಕಟ್ಟಿದ ಪದವನ್ನೆಲ್ಲ ಹಾಡೆಂದರು. ಕನ್ನಡವೇ ಬಾರದ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಉರ್ದು ಲಿಪಿಯಲ್ಲಿ ಬರೆದುಕೊಂಡ. ಅಷ್ಟು ಶ್ರದ್ಧೆಯ ಕೇಳುಗರು ಮಲಿಕಸಾಬನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕಡೆಗೆ, ಆರು ತಿಂಗಳು ಹಾಡಕೂಡದೆಂದು ಹೆಬ್ಬೆಟ್ಟು ಒತ್ತಿಸಿ ಕಳಿಸಿದರು. ಅವನು ಹಾಡಲಿಲ್ಲ. ಹೆಂಡತಿ ಇಮಾಂಬಿಯ ಕಿವಿಯಲ್ಲಿ ಪದ ಪಿಸುಗುಟ್ಟಿದ. ಹುಕುಮಿನಲ್ಲಿ ಪಿಸುಗುಟ್ಟುವ ಮಾತಿರಲಿಲ್ಲ.

೧೯೪೪ರಲ್ಲಿ ಅವನು ತೀರಿಕೊಂಡ. ಸತ್ತ ಮರುದಿನವೇ ಹಿರಿಯರಿಬ್ಬರಿಗೂ "ನಮ್ಮಾಂವ" ಆದ. ಗೋರಿಗೆ ಹಸಿರು ಚಾದರವೋ ವಿಭೂತಿಯೋ ಎಂದು ನಾಲ್ಕು ವರ್ಷ ಜಗಳಾಡಿದರು. ಅವನ ಒಂದು ಪದವೂ ಇಬ್ಬರಲ್ಲಿ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

೧೯೪೮ರಲ್ಲಿ ನಿಜಾಮರ ಆಳ್ವಿಕೆ ಮುಗಿದು, ಠಾಣೆಯ ಹಳೆಯ ಕಾಗದ ರದ್ದಿಗೆ ಬಂತು. ವಿರೂಪಾಕ್ಷಪ್ಪನವರು ಬೆಲ್ಲ ಕಟ್ಟಲೆಂದು ಕೊಂಡರು. ಬೆಲ್ಲ ಒಯ್ದ ಹಾಜಿಸಾಬರು ಪೊಟ್ಟಣದ ಕಾಗದ ಓದುತ್ತ ಓಡಿಬಂದರು.

"ಅಕ್ಷರ ಉರ್ದು ಅದಾವ, ಮಾತು ಕನ್ನಡ ಐತಿ. ಮಲಿಕಸಾಬನ ಪದ ರೀ ಇವು!"

ಅಂಗಡಿಯ ಕಟ್ಟೆಯ ಮೇಲೆ ಹಾಜಿಸಾಬರು ಓದತೊಡಗಿದರು, ವಿರೂಪಾಕ್ಷಪ್ಪನವರು ಕನ್ನಡದಲ್ಲಿ ಬರೆಯತೊಡಗಿದರು. ಉಪ್ಪಿಗೆ ಬಂದ ಇಮಾಂಬಿ ತುಸು ಹೊತ್ತು ನಿಂತು ಕೇಳಿದಳು.

"ತಪ್ಪು ಓದಾಕ ಹತ್ತೀರಿ" ಎಂದು, ಸರಿಯಾಗಿ ಹಾಡಿಯೇ ತೋರಿಸಿದಳು.

"ನಿನಗೂ ಬರ್ತಾವೇನವಾ?" ವಿರೂಪಾಕ್ಷಪ್ಪನವರು ಕಣ್ಣರಳಿಸಿದರು.

"ಎಲ್ಲಾ ಬರ್ತಾವ್ರಿ. ಪೊಲೀಸರಿಗೆ ನಮ್ಮ ಮನಿಯವರು ಹೇಳಿದ್ದು ಅರ್ಧಾನ."

"ಮತ್ತ ಇಷ್ಟು ದಿನಾ ಯಾಕ ಸುಮ್ಮನಿದ್ದಿ?"

"ನೀವು ಜಗಳಾಡಾಕ ಹತ್ತಿದ್ರಲ್ಲರಿ. ನನ್ನ ಯಾರು ಕೇಳಿದ್ರಿ?"

ವಿರೂಪಾಕ್ಷಪ್ಪನವರು ಹೊಸ ಹಾಳೆ ತೆಗೆದರು.