ಹೆಲ್ಮೆಟ್ ಮೇಲೆ ಸೆರಗು

ತಂಗಡಗಿ ಊರೊಳಗಿನ ಇಳಿಜಾರಿನಲ್ಲಿ ಸೈಕಲ್ಲು ಭರ್ರನೆ ಇಳಿಯುತ್ತಿದ್ದಾಗಲೇ ನನ್ನ ಅತ್ತೆ ಹ್ಯಾಂಡಲ್‌ನಿಂದ ಎರಡೂ ಕೈ ಬಿಟ್ಟರು. ನಾನು ಹಿಂದೆಯೇ ಬರುತ್ತಿದ್ದೆ.

"ಅತ್ತಿ, ಹ್ಯಾಂಡಲ್ ಹಿಡ್ಕೋರಿ" ಎಂದು ಕಿರುಚಿದೆ.

ಅವರು ತಿರುಗಿಯೂ ನೋಡಲಿಲ್ಲ. ಹಾರುತ್ತಿದ್ದ ಇಳಕಲ್ ಸೀರೆಯ ಸೆರಗನ್ನು ಹಿಡಿದು, ಹೆಲ್ಮೆಟ್ ಮೇಲೆಯೇ ಎಳೆದುಕೊಂಡು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ನಿಧಾನವಾಗಿ ಹ್ಯಾಂಡಲ್ ಹಿಡಿದರು. ಸೈಕಲ್ಲು ಒಂಚೂರೂ ಅಲುಗಲಿಲ್ಲ.

ಮುದ್ದೇಬಿಹಾಳದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್ ಇದ್ದವರೆಲ್ಲ ಉದ್ಯಾನದ ಬಳಿ ಸೇರಿ, ಹರಟುತ್ತ ಎಲ್ಲಿಗಾದರೂ ಸುತ್ತಾಡಿ ಬರುತ್ತೇವೆ. ಶುಲ್ಕವಿಲ್ಲ, ಪೈಪೋಟಿಯೂ ಇಲ್ಲ. ಅಂದು ತಂಗಡಗಿಯಲ್ಲಿ ಕೃಷ್ಣಾ ನದಿ ನೋಡಲು ಹೊರಟಾಗ ಅತ್ತೆ ಮೊದಲ ಸಲ ನಮ್ಮ ಜೊತೆ ಬಂದಿದ್ದರು. ಅವರಿಗೆ ಸೈಕಲ್ ಹೊಡೆಯಲು ಬರುತ್ತದೆ ಎಂಬುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನದಿ ದಂಡೆಯಲ್ಲಿ ಗುಂಪಿನವರೆಲ್ಲ ಅವರನ್ನು ಮುತ್ತಿಕೊಂಡು ಚಪ್ಪಾಳೆ ತಟ್ಟಿದರು. ಬಿದ್ದಿದ್ದರೆ ಏನು ಗತಿ ಎಂದು ನಾನು ಮಾತ್ರ ಸಿಟ್ಟಿನಿಂದಲೇ ಕೇಳಿದೆ.

"ಊರಾಗ ಕಟ್ಟಿ ಮ್ಯಾಲ ಹಿರ್ಯಾರು ಕುಂತಿದ್ರು. ಬರಿತಲೀಲೆ ಹಾದು ಬರ್ಲೇನು?" ಎಂದರು ಅತ್ತೆ. ತಲೆಯ ಮೇಲಿದ್ದ ಹೆಲ್ಮೆಟ್ ಅವರ ಲೆಕ್ಕಕ್ಕೇ ಇರಲಿಲ್ಲ.

ಮರುವಾರವೂ ಅತ್ತೆ ಹಟ ಹಿಡಿದು ನಮ್ಮನ್ನೆಲ್ಲ ತಂಗಡಗಿಗೇ ಹೊರಡಿಸಿದರು. ಈ ಸಲ ನಾನು ಮನೆಯಲ್ಲೇ ಅವರ ಸೆರಗನ್ನು ಹೆಲ್ಮೆಟ್ಟಿನ ಪಟ್ಟಿಗೆ ಪಿನ್ ಹಾಕಿ ಭದ್ರ ಮಾಡಿದ್ದೆ. ಅದೇ ಇಳಿಜಾರು ಬಂತು. ಕಟ್ಟೆ ಖಾಲಿ ಇತ್ತು, ಸೆರಗೂ ಜಾರಿರಲಿಲ್ಲ. ಅತ್ತೆ ಮತ್ತೆ ಎರಡೂ ಕೈ ಬಿಟ್ಟರು.