ಡಾಕ್ಟರಮ್ಮನ ಬೂದಿ ಬಣ್ಣದ ಹಲ್ಲು

ನಮ್ಮ ಹಲ್ಲಿನ ಡಾಕ್ಟರಮ್ಮನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಒಂದು ಬೂದಿ ಬಣ್ಣದ್ದು. ಆರಿದ ಕೆಂಡದ ಮೇಲೆ ತೆಳ್ಳಗೆ ಕೂತಿರುತ್ತದಲ್ಲ, ಆ ಬಣ್ಣ. ಸುತ್ತಮುತ್ತಲ ಮೂರು ತಾಲ್ಲೂಕಿನವರ ಹಲ್ಲನ್ನು ಬೆಳ್ಳಗೆ ಮಾಡುವವರ ಬಾಯಲ್ಲೇ ಇಂಥದ್ದೊಂದು! ಆ ಹಲ್ಲನ್ನು ಅಣಕಿಸಿ ನಾನು ಒಂದು ಸಭಾಂಗಣದ ತುಂಬ ಜನರನ್ನು ನಗಿಸಿದ್ದೇನೆ, ಅದೂ ಅವರು ಮೊದಲ ಸಾಲಿನಲ್ಲಿ ಕೂತಿರುವಾಗ. ತಪ್ಪು ನನ್ನದೇ. ಕೊನೆಯಲ್ಲಿ ಒಪ್ಪಿಕೊಂಡರೆ ಇದೂ ಒಂದು ನಾಟಕ ಅನ್ನುತ್ತೀರಿ, ಅದಕ್ಕೇ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಅಜ್ಜಂಪುರದವನು. ಹಗಲು ಜೆರಾಕ್ಸ್ ಅಂಗಡಿ. ಮದುವೆಮನೆ, ಕಾಲೇಜು ಡೇ ಇದ್ದ ದಿನ ಮಿಮಿಕ್ರಿ. ತಾಲ್ಲೂಕು ಕಚೇರಿ ಗುಮಾಸ್ತರ ಕೆಮ್ಮು, ಬೀರೂರು ಬಸ್ಸಿನ ಕಂಡಕ್ಟರನ ಸೀಟಿ, ಮೂಗಿನಲ್ಲೇ ಮಾತಾಡುವ ನಮ್ಮ ಸೋದರತ್ತೆ, ಎಲ್ಲ ಬರುತ್ತದೆ. ಊರಿನವರದ್ದೆಲ್ಲ ತೋರಿಸುತ್ತಿದ್ದ ನಾನು ನನ್ನದೊಂದನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ, ನನ್ನ ಹಲ್ಲು. ಬೋರ್‌ವೆಲ್ ನೀರು ಕುಡಿದು ಬೆಳೆದ ಬಾಯಿ ನನ್ನದು. ಹಲ್ಲಿನ ಮೇಲೆ ಕಂದು ಗೆರೆ, ನಡುನಡುವೆ ಸುಣ್ಣ ಸಿಡಿದಂಥ ಮಚ್ಚೆ. ಅದಕ್ಕೇ ಮೈಕನ್ನು ತುಟಿಗೆ ಅಂಟಿಸಿಕೊಂಡೇ ಮಾತಾಡುತ್ತಿದ್ದೆ. ಜನ ಅದನ್ನು ಸ್ಟೈಲ್ ಅಂದುಕೊಂಡರು. ತರೀಕೆರೆಯ ಹುಡುಗನೊಬ್ಬ ನನ್ನನ್ನು ನೋಡಿ ತಾನೂ ಹಾಗೇ ಮೈಕ್ ಹಿಡಿಯಲು ಶುರುಮಾಡಿದ. ಪಾಪ, ಅವನ ಹಲ್ಲು ಚೆನ್ನಾಗೇ ಇದ್ದವು.

ಡಾಕ್ಟರಮ್ಮನ ಕ್ಲಿನಿಕ್ಕು ಕಡೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿ ಮೇಲೆ. ಮೆಟ್ಟಿಲು ಹತ್ತುವಾಗ ಗೊಬ್ಬರದ ವಾಸನೆ, ಹತ್ತಿದ ಮೇಲೆ ಲವಂಗದೆಣ್ಣೆ ವಾಸನೆ. ದವಡೆ ನೋವೆಂದು ಮೊದಲ ಸಲ ಹೋದಾಗ ನೋವು ಅರ್ಧ ಮೆಟ್ಟಿಲಲ್ಲೇ ಹೋಗಿತ್ತು, ಭಯಕ್ಕೆ. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದೇ ಕರೆಯುತ್ತಿದ್ದರು. "ಎಮ್ಮೆದೊಡ್ಡಿ, ಒಳಗೆ ಬಾ." "ಅಮೃತಾಪುರದ ಅಜ್ಜಿ, ಹಲ್ಲಿನ ಸೆಟ್ ಹಾಕ್ಕೊಂಡು ಬಂದಿದೀರೋ, ಮನೇಲೇ ಬಿಟ್ಟು ಬಂದಿದೀರೋ?" ನಾನು 'ಅಜ್ಜಂಪುರ' ಆದೆ. ಬಾಯಿ ತುಂಬ ಹತ್ತಿ ತುಂಬಿದ ಮೇಲೆ ಕೊಬ್ಬರಿ ರೇಟು ಏನಾಯ್ತು ಎಂದು ಕೇಳುವರು, ಉತ್ತರವನ್ನೂ ಅವರೇ ಹೇಳುವರು. ಮಾತಾಡುವಾಗ ಮಾಸ್ಕನ್ನು ಗಲ್ಲಕ್ಕೆ ಇಳಿಸುವರು. ಮೂಗಿನ ಮೇಲೆ ಅದರ ಅಡ್ಡ ಗೆರೆ ಹಾಗೇ ಉಳಿದಿರುತ್ತಿತ್ತು. ಆಮೇಲೆ ನಗು. ಕೈ ಅಡ್ಡ ಇಲ್ಲ, ಸೆರಗು ಅಡ್ಡ ಇಲ್ಲ, ಬೂದಿ ಹಲ್ಲು ಎಲ್ಲರಿಗಿಂತ ಮುಂದೆ ನಿಂತು ನಗುತ್ತಿತ್ತು.

ಅಂಥ ನಗುವನ್ನು ಕಂಡರೆ ಮಿಮಿಕ್ರಿಯವನ ಕೈ ಸುಮ್ಮನಿರುತ್ತದೆಯೇ?

ಕಡೂರಿನಲ್ಲಿ ವೈದ್ಯರಿಗೆಲ್ಲ ಶಾಲು ಹೊದಿಸುವ ಒಂದು ಸಮಾರಂಭ. ಭಾಷಣಗಳ ನಡುವೆ ಹತ್ತು ನಿಮಿಷ ನನ್ನದು. ಸ್ಟೇಜಿನ ಹಿಂದೆ ಕನ್ನಡಿ ಹಿಡಿದು, ಕರ್ಚೀಫಿನಲ್ಲಿ ಹಲ್ಲು ಒರೆಸಿಕೊಂಡು, ಬಲಗಡೆಯ ಮುಂದಿನ ಹಲ್ಲಿಗೆ ಕಾಡಿಗೆ ಬಳಿದುಕೊಂಡೆ. ಡಾಕ್ಟರಮ್ಮ ಎದುರು ನಿಂತಾಗ ಹೇಗೆ ಕಾಣುತ್ತಾರೋ, ಕನ್ನಡಿಯಲ್ಲಿ ನಾನೂ ಹಾಗೇ ಕಂಡೆ. ಸ್ಟೇಜಿಗೆ ಹೋಗಿ, ಮೈಕನ್ನು ಆ ಒಂದು ಹಲ್ಲು ಕಾಣುವಷ್ಟೇ ಸರಿಸಿ, "ತರೀಕೆರೆ, ಬಾಯಿ ತೆಗಿ! ನನ್ನ ಹಲ್ಲು ನೋಡಬೇಡ, ನಿನ್ನದು ತೋರಿಸು!" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಡಾಕ್ಟರಮ್ಮನೂ ನಕ್ಕರು. ಆದರೆ ನಗುವಾಗ ಅವರ ಬಲಗೈ ಮೇಲೆದ್ದು ಬಾಯಿಗೆ ಅಡ್ಡ ಬಂತು.

ಆ ಕೈಯನ್ನು ನಾನು ನೋಡಿದೆ. ನನ್ನ ತುಟಿಗೆ ಅಂಟಿದ್ದ ಮೈಕಿಗೂ ಆ ಕೈಗೂ ಏನೂ ವ್ಯತ್ಯಾಸ ಇರಲಿಲ್ಲ. ಚಪ್ಪಾಳೆ ಇನ್ನೂ ಬೀಳುತ್ತಿತ್ತು, ನಾನು ಸ್ಟೇಜಿನ ಹಿಂದೆ ಹೋಗಿ ಕಾಡಿಗೆ ಒರೆಸಿಕೊಂಡೆ. ಆಮೇಲೆ ತಿಂಗಳುಗಟ್ಟಲೆ ಆ ರಸ್ತೆಗೇ ಹೋಗಲಿಲ್ಲ.

ಹೋಗುವ ಹಾಗೆ ಮಾಡಿದ್ದು ಅಮೃತಾಪುರದ ಹುಡುಗಿ. ನನಗೆ ಮದುವೆಗೆ ಗೊತ್ತಾಗಿದ್ದವಳು. ನಿಶ್ಚಯದ ದಿನ ಫೋಟೋ ತೆಗೆಯುವವನು ನಗಿ ನಗಿ ಎಂದು ಸಾಕಾಗಿ ಕ್ಯಾಮೆರಾ ಕೆಳಗಿಟ್ಟಾಗ, ಇವಳು ಮೆಲ್ಲಗೆ ಕೇಳಿದಳು: "ಊರೆಲ್ಲಾ ನಗಿಸ್ತೀರಂತೆ, ನೀವ್ಯಾಕ್ರೀ ನಗಲ್ಲ?" ಮದುವೆಯ ದಿನವಾದರೂ ಅವಳ ಮುಂದೆ ಬಾಯಿಬಿಟ್ಟು ನಗಬೇಕು ಅನ್ನಿಸಿತು.

ಮದುವೆಗೆ ಒಂದೂವರೆ ತಿಂಗಳಿತ್ತು. ಹೊರಗೆ ಹಾಕಿದರೂ ಸರಿ ಎಂದು ಮಹಡಿ ಹತ್ತಿದೆ. ಬಾಗಿಲಲ್ಲಿ ಸಹಾಯಕಿ ಅಕ್ಕ ಕೂತಿದ್ದರು. ದಿನಾ ಸಖರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವ ಹೆಂಗಸು, ನಾಲಿಗೆ ಇಕ್ಕಳಕ್ಕಿಂತ ಗಟ್ಟಿ.

"ಬಂದ್ಯಾ? ಕಾಡಿಗೆ ಡಬ್ಬಿ ತಂದಿದೀಯೋ, ನಾನೇ ಕೊಡ್ಲೋ?" ಎಂದರು.

ನಾನು ತಲೆ ತಗ್ಗಿಸಿದೆ. ಅಕ್ಕ ದನಿ ಇಳಿಸಿ ಹೇಳಿದರು. "ಅದು ಸತ್ತ ಹಲ್ಲು ಕಣೋ. ಚಿಕ್ಕೋರಿದ್ದಾಗ ಅವರಣ್ಣ ಬುಗುರಿ ಬೀಸಿದ್ದು ತಾಗಿ ಹಂಗಾಯ್ತು. ಅಂಥ ಹಲ್ಲನ್ನ ಒಳಗಿಂದ್ಲೇ ಬೆಳ್ಳಗೆ ಮಾಡಬೋದಂತೆ, ಬೇರೆಯವ್ರಿಗೆ ಇವರೇ ಮಾಡ್ತಾರೆ. ಇವರಿಗೆ ಬೇಡವಂತೆ. ಅಣ್ಣ ಹೋಗಿ ಎಷ್ಟೋ ವರ್ಷ ಆಯ್ತು. 'ಅವನು ಕೊಟ್ಟಿದ್ದು ಇದೊಂದೇ ಉಳ್ದಿರೋದು, ಇರ್ಲಿ ಬಿಡೇ' ಅಂತಾರೆ."

ಒಳಗೆ ಹೋದೆ. ಡಾಕ್ಟರಮ್ಮ ಬೈಯಲಿಲ್ಲ, ಸಮಾರಂಭದ ಮಾತೇ ಎತ್ತಲಿಲ್ಲ. "ಏನಪ್ಪಾ ಅಜ್ಜಂಪುರ" ಎಂದರು, ಮೊದಲಿನ ಹಾಗೇ. ಆದರೆ ಮಾಸ್ಕ್ ಗಲ್ಲಕ್ಕೆ ಇಳಿಯಲಿಲ್ಲ. ಹೋದಷ್ಟು ಸಲವೂ ನಾನು ಅದನ್ನೇ ಕಾದೆ. ಇಳಿಯಲಿಲ್ಲ.

"ಇವತ್ತೇ ಬೆಳ್ಳಗೆ ಮಾಡಿಬಿಡಿ ಮೇಡಂ, ಒಂದೇ ಗಂಟೇಲಿ ಆಗುತ್ತಂತಲ್ಲ. ಆ ನೀಲಿ ಲೈಟ್ ಎಲ್ಲಿ?"

"ಲೈಟ್ ನಿನ್ನ ಸ್ಟೇಜಿಗೆ ಬೇಕು. ಅದಿಲ್ದೇನೂ ಮದ್ದು ಕೆಲ್ಸ ಮಾಡುತ್ತೆ. ಮೊದ್ಲು ಹಲ್ಲು ಕ್ಲೀನ್ ಆಗ್ಬೇಕು. ಹಲ್ಲಿಗೆ ಕಟ್ಟಿರೋ ಗಾರೆ ಮೇಲೆ ಮದ್ದು ಹಚ್ಚಿದ್ರೆ ಗಾರೆಗೆ ಹೋಗುತ್ತೆ, ಹಲ್ಲಿಗೆ ಬರಲ್ಲ."

ಅವರ ಕೆಲಸದ ರೀತಿಯೇ ಅದು. ಮೊದಲ ದಿನ ಕ್ಲೀನಿಂಗ್ ಅಷ್ಟೇ. ಜುಮ್ಮೆನ್ನದಿರಲು ಒಂದು ಪೇಸ್ಟ್ ಕೊಟ್ಟು, ಎರಡು ವಾರ ಅದರಲ್ಲೇ ಉಜ್ಜು ಎಂದರು. ಮುಂದಿನ ಸಲ ಕಿಟಕಿಯ ಹತ್ತಿರ ನಿಲ್ಲಿಸಿದರು. ಟ್ಯೂಬ್‌ಲೈಟು ಸುಳ್ಳು ಹೇಳುತ್ತದಂತೆ. ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಒಂದು ಪಟ್ಟಿಯನ್ನು ನನ್ನ ಹಲ್ಲಿನ ಪಕ್ಕ ಹಿಡಿದು, ಯಾವ ಬಣ್ಣಕ್ಕೆ ಕೂಡುತ್ತದೆ ಎಂದು ಬರೆದುಕೊಂಡರು. ಪಟ್ಟಿಯ ಆ ಕೊನೆಯ ಅಚ್ಚ ಬಿಳಿಯನ್ನು ತೋರಿಸಿ ಇದು ಬೇಕು ಎಂದೆ. "ಅದು ಕಮೋಡಿನ ಬಣ್ಣ, ಮನುಷ್ಯರದ್ದಲ್ಲ" ಎಂದರು.

ಆಮೇಲೆ ಕುರ್ಚಿ. ಒಸಡಿಗೆ ಮದ್ದು ತಾಗದಂತೆ ಒಂದು ಪದರ ಹಚ್ಚಿ ಗಟ್ಟಿ ಮಾಡಿದರು. ತುಟಿ ಎಳೆದು ಕಟ್ಟಿದರು, ಹಲ್ಲನ್ನು ಗಾಳಿ ಊದಿ ಒಣಗಿಸಿದರು. ಎಂಜಲು ಮುಟ್ಟಿದ ಕಡೆ ಮದ್ದು ಹಿಡಿಯುವುದಿಲ್ಲ ಎಂದು ಒಂದೊಂದೇ ಹಲ್ಲನ್ನು ಮತ್ತೆ ಮತ್ತೆ ಒರೆಸುತ್ತಿದ್ದರು, ಪೂಜೆಯ ಹಿತ್ತಾಳೆ ಸಾಮಾನು ಒರೆಸುವ ಹಾಗೆ. ಕಾಲು ಗಂಟೆಗೊಮ್ಮೆ ಹಳೆ ಮದ್ದು ತೆಗೆದು ಹೊಸದು. "ಜುಮ್ ಅಂದ್ರೆ ಕೈ ಎತ್ತು" ಎಂದಿದ್ದರು.

ಎರಡನೇ ಸುತ್ತಿನಲ್ಲಿ ನನಗೆ ಬೇಜಾರಾಯಿತು. ಅಕ್ಕನನ್ನು ನಗಿಸೋಣ ಎಂದು ಕರೆಂಟು ಹೊಡೆದವನ ಹಾಗೆ ಮೈ ನಡುಗಿಸಿ ಕೈ ಎತ್ತಿದೆ. ಡಾಕ್ಟರಮ್ಮ ಮದ್ದೆಲ್ಲ ತೆಗೆದು, ತೊಳೆದು, ಕುರ್ಚಿ ಎತ್ತಿದರು.

"ಸುಮ್ನೆ ಮಾಡ್ದೆ ಮೇಡಂ, ನೋವಿಲ್ಲ."

"ಇರ್ಬೋದು. ಕೈ ಎತ್ತಿದೋನ್ನ ನಂಬೋದು ನನ್ ಕೆಲ್ಸ. ಇನ್ನೊಂದು ಸಲ ಬಾ. ಎರಡು ದಿನ ಹಲ್ಲು ಪಟ್ಟೆಪಟ್ಟೆಯಾಗಿ ಕಾಣುತ್ತೆ, ಆಮೇಲೆ ಕೂಡ್ಕೊಳುತ್ತೆ. ಹೆದರ್ಕೊಂಡು ಫೋನ್ ಮಾಡ್ಬೇಡ."

ಮಾರನೆಯ ದಿನವೇ ಮಾಡಿದೆ. ಮಚ್ಚೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಎಂಬತ್ತು ವರ್ಷದ ಮುದುಕನ ದನಿ ತೆಗೆದು, "ನಮ್ಮ ಮೊಮ್ಮಗಂದು ಹಲ್ಲು ಕರು ಮೈ ಥರ ಆಗೈತಲ್ಲಮ್ಮ" ಎಂದೆ. "ಮೊಮ್ಮಗಂಗೆ ಕಾಫಿ ಕುಡೀಬೇಡ ಅನ್ನಿ ತಾತ" ಎಂದು ಫೋನ್ ಇಟ್ಟರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ನನ್ನ ಆ ಕೈ ಎತ್ತಿದ ತಮಾಷೆಯಿಂದ ಎರಡನೇ ಸರದಿ ಮುಂದೆ ಹೋಗಿ, ಸರಿಯಾಗಿ ಅರಿಶಿನ ಶಾಸ್ತ್ರದ ಹಿಂದಿನ ದಿನಕ್ಕೆ ಬಂದು ಕೂತಿತು. ಕೆಲಸ ಮುಗಿಸಿ ಅವರು ಕೇಳಿದರು: "ಎರಡು ದಿನ ಕಾಫಿ, ಟೀ, ಅರಿಶಿನ, ಸಾರು ಏನೂ ಬಾಯಿಗೆ ಹೋಗ್ಬಾರ್ದು. ಈಗ ಹಲ್ಲು ಬಣ್ಣ ಹೀರುತ್ತೆ. ಮೊಸರನ್ನ ತಿನ್ನು. ಶಾಸ್ತ್ರ ಗೀಸ್ತ್ರ ಏನೂ ಇಲ್ಲ ತಾನೆ?"

"ಏನೂ ಇಲ್ಲ ಮೇಡಂ" ಎಂದೆ. ಅರಿಶಿನ ಹಚ್ಚುವುದು ಮೈಗೆ ತಾನೆ, ಬಾಯಿ ಮುಚ್ಚಿಕೊಂಡರಾಯಿತು ಎಂದು ನನ್ನ ಲೆಕ್ಕ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿಕೊಂಡಿರದವನ ಲೆಕ್ಕ ಅದು.

ಮರುದಿನ ಮಣೆ ಮೇಲೆ ಕೂರಿಸಿದರು. ಸೋದರತ್ತೆ ಎರಡು ಅಂಗೈ ತುಂಬ ಅರಿಶಿನ ಕಲಸಿಕೊಂಡು ಬಂದು ಮೂಗಿನಲ್ಲೇ "ಕೆನ್ನೆ ತೋರ್ಸೋ ಮದುಮಗನೇ" ಎಂದರು. ತಡೆಯಲಾಗಲಿಲ್ಲ. ಅದೇ ಮೂಗಿನಲ್ಲಿ "ಕೆನ್ನೆ ತೋರ್ಸೋ" ಎಂದು ಬಾಯಿ ಅಗಲಿಸಿದೆ. ಇಪ್ಪತ್ತು ವರ್ಷದಿಂದ ಕಾದಿದ್ದವರ ಹಾಗೆ ಅತ್ತೆ ಒಂದು ಮುಷ್ಟಿ ಅರಿಶಿನವನ್ನು ನೇರ ಬಾಯೊಳಗೆ ಮೆತ್ತಿ, ಮೇಲೆ ಕೆಳಗೆ ತಿಕ್ಕಿಬಿಟ್ಟರು. ಎಲ್ಲರೂ ಕೇಕೆ ಹಾಕಿದರು. ನಾನು ಕನ್ನಡಿಗೆ ಓಡಿದೆ. ಹಲ್ಲು ಮುಸುಕಿನ ಜೋಳದ ಸಾಲಿನಂತೆ ಹೊಳೆಯುತ್ತಿತ್ತು. ಎಷ್ಟು ತೊಳೆದರೂ ಹಳದಿ ಹೋಗಲಿಲ್ಲ.

ವಿಷಯ ಹೇಳಿದಾಗ ಅತ್ತೆಯ ಮುಖ ಇಳಿಯಿತು. ಆದರೆ ಅರಿಶಿನ ಹಚ್ಚಿದ ಮೇಲೆ ಮದುಮಗ ಊರು ದಾಟುವಂತಿಲ್ಲ. ದಾಟಲೇಬೇಕಾದರೆ ಕೈಯಲ್ಲಿ ಕಬ್ಬಿಣ ಇರಬೇಕು, ಜೊತೆಗೆ ಹಿರಿಯರಿರಬೇಕು. ಅತ್ತೆ ನನ್ನ ಕೈಗೆ ಅಡಕತ್ತರಿ ತುರುಕಿ, "ನಡಿ, ನಾನೇ ಬತ್ತೀನಿ" ಎಂದರು. ಕಡೂರು ಬಸ್ಸಿನಲ್ಲಿ ಹಳದಿ ಮುಖದ ನಾನು, ಕೈಯಲ್ಲಿ ಅಡಕತ್ತರಿ, ಪಕ್ಕದಲ್ಲಿ ಸೆರಗಿನಲ್ಲಿ ಕಣ್ಣೊರೆಸುತ್ತಿರುವ ಅತ್ತೆ. ಯಾರನ್ನೋ ಕತ್ತರಿಸಿ ಬಂದವನು ಎಂದುಕೊಂಡು ಮುಂದಿನ ಸೀಟಿನವರು ಎದ್ದು ಹೋದರು.

ಡಾಕ್ಟರಮ್ಮ ನೋಡಿದರು. ಮುಖ, ಅಡಕತ್ತರಿ, ಅತ್ತೆ, ಆಮೇಲೆ ಹಲ್ಲು. "ಶಾಸ್ತ್ರ ಇಲ್ಲ ಅಂದ್ಯಲ್ಲ" ಎನ್ನಲಿಲ್ಲ. "ಮೇಲ್ಮೇಲೆ ಕೂತಿದೆ, ಬೇಗ ಬಂದಿದ್ದು ಒಳ್ಳೇದಾಯ್ತು. ಪಾಲಿಶ್ ಮಾಡಿದ್ರೆ ಹೋಗುತ್ತೆ. ಅಡಕತ್ತರಿ ಹಿಡ್ಕೊಂಡೇ ಮಲಗು" ಎಂದರು.

ಹೋಯಿತು. ಎರಡು ದಿನದ ನಂತರ ಅಮೃತಾಪುರದ ಹುಡುಗಿಯ ಮುಂದೆ ನಾನು ಬಾಯಿಬಿಟ್ಟು ನಕ್ಕೆ. ಅವಳು ನೋಡುತ್ತಲೇ ಇದ್ದಳು. ಆ ಫೋಟೋ ಈಗ ನಮ್ಮ ಮನೆಯ ಗೋಡೆ ಮೇಲಿದೆ. ಅಂದಿನಿಂದ ನಾನು ಮೈಕನ್ನು ಎದೆಯ ಹತ್ತಿರ ಹಿಡಿಯುತ್ತೇನೆ. ತರೀಕೆರೆ ಹುಡುಗನೂ ಹಾಗೇ ಹಿಡಿಯುತ್ತಿದ್ದಾನೆ.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದರು. ಅಷ್ಟು ಗಟ್ಟಿ ನಾಲಿಗೆಯವರು "ಡಾಕ್ಟರಮ್ಮ ಹೋಗ್ಬಿಟ್ರು ಕಣೋ, ಎದೆನೋವು" ಎಂದಷ್ಟೇ ಹೇಳಿದರು. ಕ್ಲಿನಿಕ್ಕು ಖಾಲಿ ಮಾಡುವ ದಿನ ಕರೆದು, ರೋಗಿಗಳ ಕೈಗೆ ಕೊಡುತ್ತಿದ್ದ ಹಿಡಿಕೆಯ ಕನ್ನಡಿಯೊಂದನ್ನು ನನಗೆ ಕೊಟ್ಟರು. ಈಗ ಮಹಡಿಯಲ್ಲಿ ಟ್ಯೂಷನ್ ನಡೆಯುತ್ತದೆ. ಕಡೂರಿಗೆ ಹೋದಾಗಲೆಲ್ಲ ಕಾಲು ತಾನಾಗಿ ಆ ಮೆಟ್ಟಿಲು ಹತ್ತುತ್ತದೆ. ಅರ್ಧದವರೆಗೆ ಗೊಬ್ಬರದ ವಾಸನೆ ಇದೆ. ಅಲ್ಲಿಂದ ಮೇಲೆ ಏನೂ ಇಲ್ಲ, ಇಳಿದು ಬರುತ್ತೇನೆ. ಎಷ್ಟೋ ಸಭೆಗಳಲ್ಲಿ ಎಷ್ಟೋ ಜನ ನಗುವುದನ್ನು ನೋಡುತ್ತೇನೆ, ಹಾಗೆ ಮಾಸ್ಕ್ ಇಳಿಸಿ ಯಾರಾದರೂ "ಅಜ್ಜಂಪುರ" ಎಂದು ಕರೆದಾರು ಎಂದು ಸಾಲು ಸಾಲು ಹುಡುಕುತ್ತೇನೆ.

ಆ ಅರಿಶಿನದ ದಿನ ಕುರ್ಚಿಯಲ್ಲಿ ನಡೆದದ್ದು ಒಂದನ್ನು ಇನ್ನೂ ಹೇಳಿಲ್ಲ. ಅರ್ಧ ಪಾಲಿಶ್ ಆಗಿತ್ತು. ಪೇಸ್ಟ್ ತೆಗೆದುಕೊಳ್ಳಲು ಅವರು ತಿರುಗಿದಾಗ, ನಾನು ಅಡಕತ್ತರಿಯನ್ನು ಎರಡು ಕೈಯಲ್ಲಿ ಹಿಡಿದು, ಯಾರ ದನಿಯನ್ನೂ ಎರವಲು ತರದೆ ಹೇಳಿದೆ. "ಡಾಕ್ಟರಮ್ಮ, ಅವತ್ತು ಸ್ಟೇಜಲ್ಲಿ ನಿಮ್ಮ ಹಲ್ಲನ್ನ ಅಣಕಿಸಿದ್ದು... ನಂದು ತಪ್ಪಾಯ್ತು. ಅವತ್ತಿಂದ ನೀವು ನಕ್ಕಿದ್ದನ್ನ ನಾನು ನೋಡೇ ಇಲ್ಲ."

ಅವರು ಕೈಯಲ್ಲಿದ್ದ ಸಲಕರಣೆಯನ್ನು ತಟ್ಟೆಗೆ ಇಟ್ಟರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು. ಮೂಗಿನ ಮೇಲೆ ಅದೇ ಅಡ್ಡ ಗೆರೆ. ಎರಡೂ ಕೈ ಖಾಲಿ ಇದ್ದವು, ಒಂದೂ ಬಾಯಿಗೆ ಅಡ್ಡ ಬರಲಿಲ್ಲ. ಬೂದಿ ಹಲ್ಲು ಪೂರ್ತಿ ಕಾಣುವ ಹಾಗೆ ನಕ್ಕು ಹೇಳಿದರು:

"ನನ್ನ ಹಲ್ಲು ಎಡಗಡೇದು ಕಣೋ ಅಜ್ಜಂಪುರ, ನೀನು ಕಾಡಿಗೆ ಬಲಗಡೆ ಬಳ್ಕೊಂಡಿದ್ದೆ. ಇನ್ನೊಂದ್ಸಲ ಮಾಡೋದಾದ್ರೆ ಸರಿಯಾಗಿ ನೋಡ್ಕೊಂಡು ಮಾಡು. ಈಗ ಬಾಯಿ ತೆಗಿ."